ಇಲ್ಲದ ರಾಷ್ಟ್ರಪತಿಯ ಹೆಸರಿನಲ್ಲಿ: 1971ರ ಮುಜಿಬ್‌ನಗರ ಸರ್ಕಾರ

1971ರ ಏಪ್ರಿಲ್ 17, ಶನಿವಾರ. ಕಲ್ಕತ್ತದ ಪ್ರೆಸ್ ಕ್ಲಬ್‌ನಿಂದ ನಸುಕಿನಲ್ಲೇ ಪತ್ರಕರ್ತರನ್ನು ಹತ್ತಿಸಿಕೊಂಡು ಕಾರುಗಳು ಹೊರಟವು. ಎಲ್ಲಿಗೆ ಎಂದು ಅವರಿಗೆ ಹೇಳಿರಲಿಲ್ಲ. ನದಿಯಾ ಜಿಲ್ಲೆಯ ಹಳ್ಳಿಗಳನ್ನು ಹಾದು, ಪೂರ್ವ ಪಾಕಿಸ್ತಾನದ ಗಡಿಯನ್ನೂ ದಾಟಿ ಕಾರುಗಳು ನಿಂತದ್ದು ಒಂದು ಮಾವಿನ ತೋಪಿನಲ್ಲಿ. ಊರಿನ ಹೆಸರು ಬೈದ್ಯನಾಥತಲಾ. ಕುಷ್ಟಿಯಾ ಜಿಲ್ಲೆಯ ಮೆಹರ್‌ಪುರ ಉಪವಿಭಾಗದ ಒಂದು ಮೂಲೆ. ಮರಗಳ ನೆರಳಿನಲ್ಲಿ ಪುಟ್ಟದೊಂದು ವೇದಿಕೆ, ಅದರ ಮೇಲೆ ಅಕ್ಕಪಕ್ಕದ ಮನೆಗಳಿಂದ ಹೊತ್ತು ತಂದ ಕುರ್ಚಿಗಳು. ಒಂದರಂತೆ ಇನ್ನೊಂದಿಲ್ಲ, ಕೆಲವಕ್ಕೆ ಕೈಯೂ ಇಲ್ಲ. ಗೌರವ ವಂದನೆ ಸಲ್ಲಿಸಬೇಕಿದ್ದ ಸೈನಿಕರ ತುಕಡಿ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಆಗ ಮಾಹಬೂಬ್ ಉದ್ದೀನ್ ಅಹಮದ್ ಎಂಬ ಯುವ ಪೊಲೀಸ್ ಅಧಿಕಾರಿ ಅಲ್ಲೇ ಇದ್ದ 12 ಮಂದಿ ಅನ್ಸಾರ್‌ಗಳನ್ನು, ಅಂದರೆ ನಮ್ಮ ಗೃಹರಕ್ಷಕರಂಥವರನ್ನು, ಸಾಲಾಗಿ ನಿಲ್ಲಿಸಿದರು. ಹಂಗಾಮಿ ರಾಷ್ಟ್ರಪತಿ ಸೈಯದ್ ನಜ್ರುಲ್ ಇಸ್ಲಾಂ ವಂದನೆ ಸ್ವೀಕರಿಸಿದರು. ಪ್ರೊಫೆಸರ್ ಯೂಸುಫ್ ಅಲಿ ಬಾಂಗ್ಲಾದೇಶದ ಸ್ವಾತಂತ್ರ್ಯದ ಘೋಷಣಾಪತ್ರವನ್ನು ಓದಿದರು. ಆ ಜಾಗಕ್ಕೆ ಮುಜಿಬ್‌ನಗರ ಎಂದು ಹೆಸರಿಟ್ಟರು, ಅದೇ ರಾಜಧಾನಿ ಎಂದರು. ಪಾಕಿಸ್ತಾನದ ವಿಮಾನಗಳು ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಕಾರ್ಯಕ್ರಮ ಮುಗಿದದ್ದೇ ತಡ ಎಲ್ಲರೂ ಹೊರಟರು.

ಇದೇ ನೆಲ ವಿಭಜನೆಗೆ ಮೊದಲು ನದಿಯಾ ಜಿಲ್ಲೆಯದಾಗಿತ್ತು. 1757ರಲ್ಲಿ ಸಿರಾಜುದ್ದೌಲ ಸೋತ ಪ್ಲಾಸಿಯ ಮಾವಿನ ತೋಪೂ ಅದೇ ಜಿಲ್ಲೆಯದು. ಅಂದು ಅಲ್ಲಿ ಸೇರಿದ್ದ ಬಂಗಾಳಿಗಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಯುದ್ಧದ ನಡುವೆ ಹಂಗಾಮಿ ಸರ್ಕಾರ ಕಟ್ಟಿದ ಪ್ರಕರಣಗಳು ಹಲವಿವೆ. ನಾನು ಇದನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಈ ಸರ್ಕಾರದ ರಾಷ್ಟ್ರಪತಿ ಶೇಖ್ ಮುಜಿಬುರ್ ರಹಮಾನ್ ಶತ್ರುವಿನ ಸೆರೆಯಲ್ಲಿದ್ದರು. ರಾಜಧಾನಿ ಹೆಸರಿಗಷ್ಟೇ ಇತ್ತು. ಖಜಾನೆ ಇರಲಿಲ್ಲ, ಇದ್ದ ಸೈನ್ಯ ಚೆದುರಿ ಹೋಗಿತ್ತು, ಮಾನ್ಯತೆ ಕೊಟ್ಟ ದೇಶ ಒಂದೂ ಇರಲಿಲ್ಲ. ಆದರೂ ಎಂಟು ತಿಂಗಳ ನಂತರ ಢಾಕಾ ಅದರ ಕೈಗೆ ಬಂತು. ಈ ಸರ್ಕಾರವನ್ನು ನಿಲ್ಲಿಸಿದ್ದು ಎರಡು ಪುಟದ ಒಂದು ಕಾಗದ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಕುಂಟಿದ ಜಾಗಗಳೂ ಆ ಕಾಗದದ ಕೈ ಎಲ್ಲಿಗೆ ತಲುಪಲಿಲ್ಲವೋ ಅಲ್ಲೇ ಇವೆ.

ಮೋರಿಯ ಮೇಲೆ ಕುಳಿತ ಇಬ್ಬರು

ಹಿನ್ನೆಲೆ ಬಹಳ ಜನರಿಗೆ ಗೊತ್ತಿರುವುದೇ. 1970ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದಲ್ಲಿ ಚುನಾವಣೆ ಶುರುವಾಯಿತು. ಪೂರ್ವ ಪಾಕಿಸ್ತಾನಕ್ಕೆ ಮೀಸಲಾದ 169 ಸ್ಥಾನಗಳಲ್ಲಿ 167 ಮುಜೀಬರ ಪಕ್ಷವಾದ ಅವಾಮಿ ಲೀಗ್‌ನ ಪಾಲಾದವು. 313 ಸದಸ್ಯರ ಸಭೆಯಲ್ಲಿ ಅದು ಸ್ಪಷ್ಟ ಬಹುಮತ. ಢಾಕಾದಲ್ಲಿ ಮಾರ್ಚ್ 3ಕ್ಕೆ ಸೇರಬೇಕಿದ್ದ ಸಭೆಯನ್ನು ಪಾಕಿಸ್ತಾನದ ಸೇನಾ ಆಡಳಿತಗಾರ ಯಾಹ್ಯಾ ಖಾನ್ ಮುಂದೂಡಿದರು, ಪೂರ್ವ ಬಂಗಾಳ ಹೊತ್ತಿಕೊಂಡಿತು. ಮಾರ್ಚ್ 25ರ ರಾತ್ರಿ ಸೈನ್ಯ ಢಾಕಾದ ಮೇಲೆ ಎರಗಿತು. ಶೇಖ್ ಮುಜಿಬುರ್ ರಹಮಾನ್ ಅದೇ ರಾತ್ರಿ ಬಂಧಿತರಾದರು. ಅವರ ಹೆಸರಿನಲ್ಲಿ ಸ್ವಾತಂತ್ರ್ಯದ ಘೋಷಣೆ ಚಿತ್ತಗಾಂಗ್ ಬಳಿಯ ಕಾಲೂರ್‌ಘಾಟ್ ರೇಡಿಯೊ ಕೇಂದ್ರದಿಂದ ಹೊರಬಿತ್ತು.

ಪಕ್ಷದ ಪ್ರಧಾನ ಕಾರ್ಯದರ್ಶಿ ತಾಜುದ್ದೀನ್ ಅಹಮದ್ ಮತ್ತು ಯುವ ಬ್ಯಾರಿಸ್ಟರ್ ಅಮೀರುಲ್ ಇಸ್ಲಾಂ ಢಾಕಾದಿಂದ ತಪ್ಪಿಸಿಕೊಂಡು, ಹಳ್ಳಿ ಹಳ್ಳಿ ಹಾಯ್ದು, ಮಾರ್ಚ್ 30ರ ಹೊತ್ತಿಗೆ ಮೆಹರ್‌ಪುರದ ಗಡಿ ಮುಟ್ಟಿದರು. ಉಳಿದ ನಾಯಕರು ಎಲ್ಲಿದ್ದಾರೆ, ಬದುಕಿದ್ದಾರೋ ಇಲ್ಲವೋ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಪ್ರಾಣ ಉಳಿಸಿಕೊಳ್ಳಲು ಓಡಿ ಬಂದವರು ಸುಮ್ಮನೆ ಗಡಿ ದಾಟಬಹುದಿತ್ತು. ಅವರು ದಾಟಲಿಲ್ಲ. ಸ್ವತಂತ್ರ ದೇಶವೊಂದರ ಪ್ರತಿನಿಧಿಗಳೆಂದು ತಕ್ಕ ಗೌರವದಿಂದ ಬರಮಾಡಿಕೊಂಡರೆ ಮಾತ್ರ ಬರುತ್ತೇವೆ ಎಂದು ಮೊದಲು ಹೇಳಿ ಕಳುಹಿಸಿ, ತಾವು ಒಂದು ಮೋರಿಯ ಮೇಲೆ ಕಾಯುತ್ತ ಕುಳಿತರು. ಇದನ್ನು ಅಮೀರುಲ್ ಇಸ್ಲಾಂ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಗಡಿ ಭದ್ರತಾ ಪಡೆಯ ಅಧಿಕಾರಿ ಗೋಲಕ್ ಮಜುಂದಾರ್ ಬಂದು ಅವರನ್ನು ಕರೆದೊಯ್ದರು. ಆ ಪಡೆಯ ಮುಖ್ಯಸ್ಥ ಕೆ.ಎಫ್. ರುಸ್ತುಂಜಿ ಕಲ್ಕತ್ತದಲ್ಲಿ ಭೇಟಿಯಾದರು. ಏಪ್ರಿಲ್ ಮೊದಲ ವಾರದಲ್ಲಿ ಅವರು ದೆಹಲಿಯಲ್ಲಿದ್ದರು.

ಇಂದಿರಾ ಗಾಂಧಿಯವರನ್ನು ಕಾಣುವ ಮುನ್ನ ತಾಜುದ್ದೀನ್ ಮುಂದಿದ್ದ ಪ್ರಶ್ನೆ ಒಂದೇ: ನಾನು ಯಾರೆಂದು ಮಾತನಾಡಲಿ? ಒಂದು ಪಕ್ಷದ ಕಾರ್ಯದರ್ಶಿ ಎಂದರೆ ಸಹಾನುಭೂತಿ ಸಿಕ್ಕೀತು, ಒಂದಷ್ಟು ನಿರಾಶ್ರಿತರಿಗೆ ಆಶ್ರಯ ಸಿಕ್ಕೀತು. ಒಂದು ಸರ್ಕಾರದ ಪರವಾಗಿ ಎಂದರೆ ಮಾತುಕತೆಯ ತೂಕವೇ ಬೇರೆ. ಸಹೋದ್ಯೋಗಿಗಳನ್ನು ಕೇಳೋಣವೆಂದರೆ ಒಬ್ಬರೂ ಕೈಗೆ ಸಿಕ್ಕುವಂತಿರಲಿಲ್ಲ. ಸರ್ಕಾರ ರಚನೆಯಾಗಿದೆ, ಮುಜೀಬ್ ರಾಷ್ಟ್ರಪತಿ, ಪಕ್ಷದ ಹಿರಿಯ ನಾಯಕರೇ ಸಚಿವರು ಎಂದು ಅವರು ತಿಳಿಸಿದರು. ಆಗಿಲ್ಲದ್ದನ್ನು ಆಗಿದೆ ಎಂದದ್ದು ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಡಿದ ಮಾತನ್ನು ನಿಜ ಮಾಡುವ ಹೊಣೆಯನ್ನೂ ಅವರು ಅದೇ ಕ್ಷಣ ಹೆಗಲಿಗೇರಿಸಿಕೊಂಡರು, ಏಪ್ರಿಲ್ 10ರೊಳಗೆ ನಿಜ ಮಾಡಿಯೂ ತೋರಿಸಿದರು.

ಕಲ್ಕತ್ತಕ್ಕೆ ಮರಳಿದರೆ ಅಲ್ಲಿ ಸೇರಿದ್ದ ಸ್ವಂತ ಪಕ್ಷದವರೇ ಮುನಿಸಿಕೊಂಡಿದ್ದರು. ಮುಜೀಬರ ಸೋದರಳಿಯ ಶೇಖ್ ಫಜಲುಲ್ ಹಕ್ ಮೊನಿ ಮತ್ತು ಅವರ ಜೊತೆಯ ಯುವಕರಿಗೆ ಸರ್ಕಾರವೇ ಬೇಡವಾಗಿತ್ತು. ಕ್ರಾಂತಿ ಮಂಡಳಿ ಸಾಕು, ಮೊದಲು ಯುದ್ಧ ಎಂಬುದು ಅವರ ವಾದ. ಹಿರಿತನದ ಲೆಕ್ಕದಲ್ಲಿ ಪ್ರಧಾನಿ ಪಟ್ಟ ತಮಗೆ ಬರಬೇಕಿತ್ತು ಎಂದು ಖೊಂದಕರ್ ಮುಷ್ತಾಕ್ ಅಹಮದ್ ಅವರಿಗೆ ಅನ್ನಿಸಿತ್ತು. ತಾಜುದ್ದೀನ್ ಸಣ್ಣ ವಿಮಾನವೊಂದರಲ್ಲಿ ಗಡಿಯುದ್ದಕ್ಕೂ ಸುತ್ತಿ, ಚೆದುರಿದ್ದ ನಾಯಕರನ್ನು ಒಬ್ಬೊಬ್ಬರಾಗಿ ಹುಡುಕಿದರು. ನಜ್ರುಲ್ ಇಸ್ಲಾಂ ಸಿಕ್ಕಿದ್ದು ಗಾರೋ ಬೆಟ್ಟಗಳ ಕಡೆ, ಮುಷ್ತಾಕ್ ಮತ್ತು ಕರ್ನಲ್ ಎಂ.ಎ.ಜಿ. ಉಸ್ಮಾನಿ ಸಿಕ್ಕಿದ್ದು ಅಗರ್ತಲಾದಲ್ಲಿ. ಕೊನೆಗೆ ನಜ್ರುಲ್ ಇಸ್ಲಾಂ ಉಪರಾಷ್ಟ್ರಪತಿಯಾಗಿ ಹಂಗಾಮಿ ರಾಷ್ಟ್ರಪತಿಯ ಹೊಣೆ ಹೊತ್ತರು, ತಾಜುದ್ದೀನ್ ಪ್ರಧಾನಿಯಾದರು. ಮುಷ್ತಾಕರಿಗೆ ವಿದೇಶಾಂಗ, ಮನ್ಸೂರ್ ಅಲಿಯವರಿಗೆ ಹಣಕಾಸು, ಕಮರುಜ್ಜಮಾನ್ ಅವರಿಗೆ ಗೃಹ ಮತ್ತು ಪರಿಹಾರ, ಉಸ್ಮಾನಿಯವರಿಗೆ ಸೇನೆಯ ನೇತೃತ್ವ.

ಎರಡು ಪುಟದ ಕಾಗದ

ಘೋಷಣಾಪತ್ರದ ಕರಡನ್ನು ಬರೆದವರು ಅಮೀರುಲ್ ಇಸ್ಲಾಂ. ಕಲ್ಕತ್ತದ ಬ್ಯಾರಿಸ್ಟರ್ ಸುಬ್ರತ ರಾಯ್ ಚೌಧುರಿ ಅದನ್ನು ನೋಡಿ ಕೊಟ್ಟರು. ಆ ಕಾಗದವನ್ನು ನಾನು ಹಲವು ಸಲ ಓದಿದ್ದೇನೆ. ಊರು ಉರಿಯುತ್ತಿರುವಾಗ, ಆಪ್ತರು ಎಲ್ಲಿದ್ದಾರೆಂದು ತಿಳಿಯದಿರುವಾಗ, ಮನುಷ್ಯರು ಇಷ್ಟು ಸಮಾಧಾನದಿಂದ ಹೇಗೆ ಬರೆದರು ಎಂಬ ಬೆರಗು ಪ್ರತಿ ಸಲವೂ ಆಗುತ್ತದೆ.

ಅದು ಶುರುವಾಗುವುದು ಘೋಷಣೆಯಿಂದಲ್ಲ, ಲೆಕ್ಕದಿಂದ. ಇಂಥ ದಿನದಿಂದ ಇಂಥ ದಿನದವರೆಗೆ ಮುಕ್ತ ಚುನಾವಣೆ ನಡೆಯಿತು, ಸಂವಿಧಾನ ರಚಿಸುವುದೇ ಅದರ ಉದ್ದೇಶವಾಗಿತ್ತು, 169ರಲ್ಲಿ 167 ಮಂದಿಯನ್ನು ಜನ ಆರಿಸಿದರು, ಸಭೆ ಕರೆದು ಆಮೇಲೆ ಅದನ್ನು ಅಕ್ರಮವಾಗಿ ಮುಂದೂಡಲಾಯಿತು ಎಂದು ಒಂದರ ಮೇಲೊಂದು ಇಟ್ಟಿಗೆ ಇಟ್ಟಂತೆ ಸಾಗುತ್ತದೆ. ಆರಿಸಿ ಬಂದ ನಾವು ನಮ್ಮನ್ನೇ ಸಂವಿಧಾನ ರಚನಾ ಸಭೆಯಾಗಿ ರೂಪಿಸಿಕೊಂಡಿದ್ದೇವೆ ಎಂಬ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ. ಸಮಾನತೆ, ಮಾನವ ಘನತೆ ಮತ್ತು ಸಾಮಾಜಿಕ ನ್ಯಾಯ ಗಣರಾಜ್ಯದ ಗುರಿ ಎಂದು ಅಲ್ಲೇ ಬರೆಯಿತು. ಇಡೀ ಪತ್ರ ಮಾರ್ಚ್ 26ರಿಂದಲೇ ಜಾರಿಗೆ ಬಂದಿದೆ ಎಂದೂ ಹೇಳಿತು. ಮುಜೀಬರ ಹೆಸರಿನ ಘೋಷಣೆಗೂ ಸರ್ಕಾರಕ್ಕೂ ನಡುವೆ ಇದ್ದ ಹದಿನೈದು ದಿನಗಳ ಬಿರುಕು ಆ ಒಂದು ಸಾಲಿನಿಂದ ಮುಚ್ಚಿಹೋಯಿತು.

ಅಧಿಕಾರದ ಹಂಚಿಕೆ ನೋಡಿ. ಆಡಳಿತ, ಶಾಸನ, ಕ್ಷಮಾದಾನ, ತೆರಿಗೆ, ವೆಚ್ಚ ಎಲ್ಲವೂ ರಾಷ್ಟ್ರಪತಿಯದು. ಆ ರಾಷ್ಟ್ರಪತಿ ಪಾಕಿಸ್ತಾನದ ಜೈಲಿನಲ್ಲಿದ್ದಾರೆ. ಆದ್ದರಿಂದ ರಾಷ್ಟ್ರಪತಿ ಕಾರ್ಯ ನಿರ್ವಹಿಸಲಾಗದಿದ್ದರೆ ಉಪರಾಷ್ಟ್ರಪತಿಯೇ ಎಲ್ಲವನ್ನೂ ನಡೆಸಬೇಕು ಎಂಬ ಇನ್ನೊಂದು ಸಾಲು. ಮುಜೀಬರ ಬದಲು ಬೇರೆಯವರನ್ನು ಆ ಪೀಠದಲ್ಲಿ ಕೂರಿಸಿದ್ದರೆ ಕೆಲಸ ಸುಲಭವಾಗುತ್ತಿತ್ತೇನೋ, ಆದರೆ ಜನ ಆ ಸರ್ಕಾರದ ಬೆನ್ನಿಗೆ ನಿಲ್ಲುತ್ತಿರಲಿಲ್ಲ. ಕಾಡಿನಲ್ಲಿ ಬಂದೂಕು ಹಿಡಿದ ಹುಡುಗನಿಗೆ ನಜ್ರುಲ್ ಇಸ್ಲಾಂ ಯಾರೆಂದು ಗೊತ್ತಿಲ್ಲದೇ ಇರಬಹುದು, ಮುಜೀಬ್ ಯಾರೆಂದು ಗೊತ್ತಿತ್ತು.

ಏಪ್ರಿಲ್ 10ರಂದೇ ಹೊರಬಿದ್ದ ಇನ್ನೊಂದು ಆದೇಶದ ಬಗ್ಗೆ ಮಾತನಾಡುವವರು ಕಡಿಮೆ. ನನಗೆ ಅದು ಘೋಷಣಾಪತ್ರದಷ್ಟೇ ದೊಡ್ಡದು. ಮಾರ್ಚ್ 25ರಂದು ಜಾರಿಯಲ್ಲಿದ್ದ ಕಾನೂನುಗಳೆಲ್ಲ, ಘೋಷಣಾಪತ್ರಕ್ಕೆ ಒಳಪಟ್ಟು, ಮುಂದುವರಿಯುತ್ತವೆ. ಆಡಳಿತ, ಸೇನೆ, ನ್ಯಾಯಾಂಗ, ರಾಯಭಾರ ಕಚೇರಿ ಯಾವುದರಲ್ಲೇ ಇರಲಿ, ಬಾಂಗ್ಲಾದೇಶಕ್ಕೆ ನಿಷ್ಠೆಯ ಪ್ರಮಾಣ ಮಾಡಿದ ನೌಕರರು ಇದ್ದ ಹುದ್ದೆಯಲ್ಲಿ, ಇದ್ದ ಷರತ್ತುಗಳ ಮೇಲೆಯೇ ಇರುತ್ತಾರೆ. ಒಬ್ಬ ಉಪವಿಭಾಗಾಧಿಕಾರಿಯ ಜಾಗದಲ್ಲಿ ನಿಂತು ಇದನ್ನು ಓದಬೇಕು. ನಿನ್ನೆಯವರೆಗೆ ಪಾಕಿಸ್ತಾನದ ಸಂಬಳ ತಿಂದವನು, ಇಂದು ಬಂಡಾಯ ಸೇರಿದರೆ ದೇಶದ್ರೋಹಿ. ಆ ಆದೇಶ ಬಂದ ಮೇಲೆ ಅವನು ತನ್ನ ಕೆಲಸವನ್ನೇ ಮುಂದುವರಿಸುತ್ತಿರುವ ಅಧಿಕಾರಿ. ಮುಜಿಬ್‌ನಗರದ ಸಮಾರಂಭಕ್ಕೆ ಕುರ್ಚಿ, ವೇದಿಕೆ ಒದಗಿಸಲು ಓಡಾಡಿದ ತೌಫೀಕ್-ಎ-ಇಲಾಹಿ ಚೌಧುರಿ ಮೆಹರ್‌ಪುರದ ಅಂಥ ಉಪವಿಭಾಗಾಧಿಕಾರಿಯೇ.

ಪ್ರಮಾಣವಚನದ ಮರುದಿನ, ಏಪ್ರಿಲ್ 18ರಂದು, ಕಲ್ಕತ್ತದಲ್ಲಿದ್ದ ಪಾಕಿಸ್ತಾನದ ಉಪ ಹೈಕಮಿಷನರ್ ಹುಸೇನ್ ಅಲಿ ತಮ್ಮ ಬಂಗಾಳಿ ಸಿಬ್ಬಂದಿಯೊಡನೆ ಪಕ್ಷ ಬದಲಿಸಿ, ಸರ್ಕಸ್ ಅವೆನ್ಯೂದ ಕಚೇರಿಯ ಮೇಲೆ ಬಾಂಗ್ಲಾದೇಶದ ಬಾವುಟ ಏರಿಸಿದರು. ಅವರಿಗೆ ಬದಲಿಸಿಕೊಳ್ಳಲು ಒಂದು ಸರ್ಕಾರ ಇತ್ತು ಎಂಬುದನ್ನು ಗಮನಿಸಬೇಕು.

ಸುಭಾಷರು 1943ರ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಸ್ಥಾಪಿಸಿದ ಆಜಾದ್ ಹಿಂದ್ ಸರ್ಕಾರ ಇಲ್ಲಿ ನೆನಪಾಗುತ್ತದೆ. ಅದಕ್ಕೆ ಜಪಾನ್, ಜರ್ಮನಿ, ಇಟಲಿ ಮೊದಲಾದ ದೇಶಗಳ ಮಾನ್ಯತೆ ಬೇಗನೆ ಸಿಕ್ಕಿತು, ಆದರೆ ಚುನಾವಣೆಯ ಆದೇಶಪತ್ರ ಇರಲಿಲ್ಲ. ಮುಜಿಬ್‌ನಗರದ್ದು ಅದಕ್ಕೆ ಸರಿಯಾಗಿ ತಿರುವುಮುರುವು.

ಥಿಯೇಟರ್ ರಸ್ತೆಯ ಎಂಟನೇ ನಂಬರ್

ರಾಜಧಾನಿ ಮುಜಿಬ್‌ನಗರ ಎಂದರೂ ಕೆಲಸ ನಡೆದದ್ದು ಕಲ್ಕತ್ತದ 8, ಥಿಯೇಟರ್ ರಸ್ತೆಯ ಕಟ್ಟಡದಲ್ಲಿ. ಪ್ರಧಾನಿ ಕಚೇರಿಯ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದರು. ದೇಶ ಬಿಡುಗಡೆಯಾಗುವವರೆಗೆ ಕುಟುಂಬದ ಜೊತೆ ವಾಸಿಸುವುದಿಲ್ಲ ಎಂದು ನಿಶ್ಚಯಿಸಿದ್ದ ತಾಜುದ್ದೀನ್, ಹೆಂಡತಿ ಮಕ್ಕಳು ಅದೇ ಊರಿಗೆ ಬಂದ ಮೇಲೂ ಆ ಕೋಣೆ ಬಿಡಲಿಲ್ಲ. ತಮ್ಮ ಅಂಗಿಯನ್ನು ತಾವೇ ಒಗೆದುಕೊಳ್ಳುತ್ತಿದ್ದರು ಎಂದು ಜೊತೆಗಿದ್ದವರು ನೆನೆಯುತ್ತಾರೆ.

ಎಚ್.ಟಿ. ಇಮಾಂ ಸಂಪುಟ ಕಾರ್ಯದರ್ಶಿಯಾದರು. ಪಾಬ್ನಾದ ಜಿಲ್ಲಾಧಿಕಾರಿಯಾಗಿದ್ದ ನೂರುಲ್ ಖಾದರ್ ಖಾನ್ ಸಿಬ್ಬಂದಿ ಆಡಳಿತ ನೋಡಿಕೊಂಡರು. ಗಡಿ ಜಿಲ್ಲೆಗಳ ಖಜಾನೆಗಳಿಂದ ಅಧಿಕಾರಿಗಳು ಹೊತ್ತು ತಂದ ಹಣ ಮೊದಲ ಬಂಡವಾಳವಾಯಿತು. ಯುದ್ಧಕ್ಕೆ ದೇಶವನ್ನು 11 ಸೆಕ್ಟರ್‌ಗಳಾಗಿ ಹಂಚಿದರು, ಆಡಳಿತಕ್ಕೆ ವಲಯ ಮಂಡಳಿಗಳನ್ನು ಮಾಡಿದರು. ಮೇ 25ರಿಂದ ಸ್ವಾಧೀನ್ ಬಾಂಗ್ಲಾ ಬೇತಾರ್ ಕೇಂದ್ರ ಎಂಬ ಸರ್ಕಾರದ ಬಾನುಲಿ ಶಕ್ತಿಶಾಲಿ ಪ್ರಸಾರಕವೊಂದರಿಂದ ಮಾತನಾಡತೊಡಗಿತು. ಗಡಿಯಾಚೆಯ ಹಳ್ಳಿಗಳ ಪಾಲಿಗೆ ಈ ಸರ್ಕಾರ ಎಂದರೆ ಬಹುಮಟ್ಟಿಗೆ ಆ ದನಿಯೇ. ಯುದ್ಧ ಮುಗಿದ ಮೇಲೆ ದೇಶವನ್ನು ಹೇಗೆ ನಡೆಸಬೇಕೆಂದು ಯೋಚಿಸಲು ಪ್ರಾಧ್ಯಾಪಕರ ಒಂದು ಯೋಜನಾ ಮಂಡಳಿಯನ್ನೂ ಕಟ್ಟಿದರು. ಒಂದು ಕೋಟಿಯಷ್ಟು ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದಿದ್ದ ದಿನಗಳಲ್ಲಿ ಇಂಥ ಮಂಡಳಿ ಅತಿಯಾಯಿತು ಎಂದು ಕೆಲವರಿಗೆ ಅನ್ನಿಸಿರಬಹುದು. ನನಗಂತೂ ಅದು ಈ ಸರ್ಕಾರದ ಗಂಭೀರತೆಗೆ ಸಾಕ್ಷಿ.

ಒಳಗಿನ ಬಿರುಕುಗಳು

ಕಾಗದದ ಮಾತು ನಡೆಯದ ಜಾಗಗಳು ಮೂರಿದ್ದವು.

ಮೊದಲನೆಯದು ಸೇನೆ. ಜುಲೈನಲ್ಲಿ ಸೆಕ್ಟರ್ ಕಮಾಂಡರ್‌ಗಳ ಸಭೆ ಸೇರಿದಾಗ ಉಸ್ಮಾನಿಯವರನ್ನು ಬದಿಗಿಟ್ಟು ಯುದ್ಧ ಮಂಡಳಿ ರಚಿಸಬೇಕೆಂಬ ಸಲಹೆ ಬಂತು. ಉಸ್ಮಾನಿ ರಾಜೀನಾಮೆಗೆ ಮುಂದಾದರು. ತಾಜುದ್ದೀನ್ ಸಮಾಧಾನಪಡಿಸಿ ಉಳಿಸಿಕೊಂಡರು. ಇದು ಮಾತಿನಲ್ಲಿ ಬಗೆಹರಿಯಿತು.

ಎರಡನೆಯದು ಬಗೆಹರಿಯಲಿಲ್ಲ. ಕ್ರಾಂತಿ ಮಂಡಳಿ ಕೇಳಿದ್ದ ಯುವ ನಾಯಕರು ಮುಜಿಬ್ ಬಾಹಿನಿ ಎಂಬ ಪ್ರತ್ಯೇಕ ಪಡೆ ಕಟ್ಟಿದರು. ಅದಕ್ಕೆ ತರಬೇತಿ ಕೊಟ್ಟವರು ಭಾರತದ ಮೇಜರ್ ಜನರಲ್ ಸುಜನ್ ಸಿಂಗ್ ಉಬನ್. ಬಾಂಗ್ಲಾದೇಶದ ಪ್ರಧಾನಿಗೆ, ಸೇನಾಪತಿಗೆ ಆ ಪಡೆಯ ಮೇಲೆ ಹಿಡಿತವಿರಲಿಲ್ಲ. ಒಂದು ಕೈಯಿಂದ ಸರ್ಕಾರವನ್ನು ಪೋಷಿಸುತ್ತ ಇನ್ನೊಂದು ಕೈಯಿಂದ ಅದರ ಆಜ್ಞೆ ಮೀರಿದ ಪಡೆಯನ್ನು ಬೆಳೆಸಿದ್ದು ಭಾರತ ಮಾಡಿದ ತಪ್ಪು. ಆ ಯುದ್ಧದಲ್ಲಿ ನಮ್ಮ ದೇಶ ಮಾಡಿದ ಒಳ್ಳೆಯದನ್ನು ಹೆಮ್ಮೆಯಿಂದ ನೆನೆಯುವ ನಾವು ಇದನ್ನೂ ನೆನಪಿಟ್ಟುಕೊಳ್ಳಬೇಕು. ಒಂದು ಹಂಗಾಮಿ ಸರ್ಕಾರಕ್ಕೆ ಶತ್ರುವಿನ ಸೈನ್ಯಕ್ಕಿಂತ ದೊಡ್ಡ ಅಪಾಯ ತನ್ನದೇ ಬಾವುಟ ಹಿಡಿದು ತನ್ನ ಮಾತು ಕೇಳದ ಬಂದೂಕು.

ಮೂರನೆಯದು ಸಂಪುಟದ ಒಳಗೇ ಇತ್ತು. ಆಗಸ್ಟ್‌ನಲ್ಲಿ ಪಾಕಿಸ್ತಾನ ಮುಜೀಬರನ್ನು ರಹಸ್ಯ ವಿಚಾರಣೆಗೆ ಗುರಿಪಡಿಸಿತು. ಸ್ವಾತಂತ್ರ್ಯಕ್ಕೆ ಪಟ್ಟು ಹಿಡಿದರೆ ನಾಯಕರ ಪ್ರಾಣ ಹೋಗುತ್ತದೆ ಎಂಬ ಮಾತು ಶಿಬಿರಗಳಲ್ಲಿ ಹರಿದಾಡಿತು. ಇದೇ ಕಾಲದಲ್ಲಿ ವಿದೇಶಾಂಗ ಸಚಿವ ಮುಷ್ತಾಕರ ಕಡೆಯವರು ಕಲ್ಕತ್ತದ ಅಮೆರಿಕ ಕಾನ್ಸುಲೇಟ್ ಜೊತೆ ಗುಟ್ಟಾಗಿ ಸಂಧಾನ ನಡೆಸಿದ್ದು ಬಯಲಾಯಿತು. ವಿಶ್ವಸಂಸ್ಥೆಗೆ ಹೋಗುವ ನಿಯೋಗದಿಂದ ಅವರನ್ನು ಕೈಬಿಟ್ಟು, ನ್ಯಾಯಮೂರ್ತಿ ಅಬು ಸಯೀದ್ ಚೌಧುರಿಯವರ ನೇತೃತ್ವದಲ್ಲಿ ಕಳುಹಿಸಿದರು. ಆದರೆ ಸಂಪುಟದಿಂದ ತೆಗೆಯಲಿಲ್ಲ. ಯುದ್ಧದ ನಡುವೆ ಒಡಕು ಹೊರಗೆ ಕಾಣಬಾರದೆಂಬ ಕಾರಣ ಅರ್ಥವಾಗುತ್ತದೆ. ನಾಲ್ಕು ವರ್ಷಗಳ ನಂತರ, 1975ರ ಆಗಸ್ಟ್‌ನಲ್ಲಿ ಮುಜೀಬರ ಹತ್ಯೆಯಾದಾಗ ರಾಷ್ಟ್ರಪತಿ ಪೀಠ ಏರಿದವರು ಇದೇ ಮುಷ್ತಾಕ್. ಅದೇ ನವೆಂಬರ್ 3ರಂದು ಢಾಕಾದ ಕೇಂದ್ರ ಕಾರಾಗೃಹದಲ್ಲಿ ನಜ್ರುಲ್ ಇಸ್ಲಾಂ, ತಾಜುದ್ದೀನ್, ಮನ್ಸೂರ್ ಅಲಿ, ಕಮರುಜ್ಜಮಾನ್ ನಾಲ್ವರನ್ನೂ ಕೊಂದರು. ಮಾವಿನ ತೋಪಿನ ಸಂಪುಟದಲ್ಲಿ ಉಳಿದವರು ಒಬ್ಬರೇ.

ಇಷ್ಟಾದರೂ ಸರ್ಕಾರ ಒಡೆಯಲಿಲ್ಲ. ಜುಲೈ ಮೊದಲ ವಾರ ಸಿಲಿಗುಡಿ ಕಡೆ ಚುನಾಯಿತ ಪ್ರತಿನಿಧಿಗಳನ್ನು ಸೇರಿಸಿ ತಾಜುದ್ದೀನ್ ಅವರೆದುರು ನಿಂತರು, ಬೆಂಬಲ ಪಡೆದರು. ಅಧಿಕಾರ ಬಂದದ್ದು ಚುನಾವಣೆಯಿಂದ ಎಂದು ಕಾಗದದಲ್ಲಿ ಬರೆದಿದ್ದವರು ಕಷ್ಟ ಬಂದಾಗ ಹೋದದ್ದೂ ಆ ಪ್ರತಿನಿಧಿಗಳ ಬಳಿಗೇ. ಸೆಪ್ಟೆಂಬರ್‌ನಲ್ಲಿ ಮೌಲಾನಾ ಭಾಷಾನಿ, ಕಮ್ಯುನಿಸ್ಟ್ ಪಕ್ಷದ ಮಣಿ ಸಿಂಗ್ ಮೊದಲಾದವರಿದ್ದ ಸಲಹಾ ಸಮಿತಿಯೊಂದನ್ನೂ ರಚಿಸಿ ಇತರ ಪಕ್ಷಗಳನ್ನು ಹತ್ತಿರ ತಂದುಕೊಂಡರು.

ಆರು ದಿನ

ಡಿಸೆಂಬರ್ 3ರಂದು ಪಾಕಿಸ್ತಾನ ಭಾರತದ ವಿಮಾನ ನೆಲೆಗಳ ಮೇಲೆ ದಾಳಿ ಮಾಡಿತು. 6ರಂದು ಭಾರತ ಮತ್ತು ಭೂತಾನ್ ಮಾನ್ಯತೆ ಕೊಟ್ಟವು. 11ರಂದು ನಜ್ರುಲ್ ಇಸ್ಲಾಂ ಮತ್ತು ತಾಜುದ್ದೀನ್ ಬಿಡುಗಡೆಯಾದ ಜೆಸ್ಸೋರ್‌ನಲ್ಲಿ ತಮ್ಮ ಜನರೆದುರು ಬಹಿರಂಗ ಸಭೆಯಲ್ಲಿ ಮಾತನಾಡಿದರು. 16ರ ಸಂಜೆ ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನಿ ಸೇನಾಪತಿ ನಿಯಾಜಿ ಶರಣಾಗತಿಗೆ ಸಹಿ ಹಾಕಿದರು. ಬಾಂಗ್ಲಾದೇಶದ ಸೇನಾಪತಿ ಉಸ್ಮಾನಿ ಅಲ್ಲಿರಲಿಲ್ಲ, ಸರ್ಕಾರದ ಪರವಾಗಿ ಇದ್ದವರು ಗ್ರೂಪ್ ಕ್ಯಾಪ್ಟನ್ ಎ.ಕೆ. ಖಂದಕರ್.

ಸಂಪುಟ ಢಾಕಾ ತಲುಪಿದ್ದು 22ಕ್ಕೆ. ಈ ಆರು ದಿನಗಳ ಬಗ್ಗೆ ನನಗೆ ಇಂದಿಗೂ ಸಂಕಟವಿದೆ. ನಗರದ ಹೊರವಲಯದ ರಾಯೇರ್ ಬಜಾರ್‌ನಲ್ಲಿ, ಶರಣಾಗತಿಗೆ ಎರಡು ದಿನ ಮೊದಲು ಕೊಲೆಯಾದ ಪ್ರಾಧ್ಯಾಪಕರ, ವೈದ್ಯರ, ಪತ್ರಕರ್ತರ ಹೆಣಗಳು ಸಿಕ್ಕುತ್ತಿದ್ದವು. ಬೀದಿಗಳಲ್ಲಿ ಬಂದೂಕುಗಳಿಗೆ ಲೆಕ್ಕವಿರಲಿಲ್ಲ. ಯುದ್ಧ ಮುಗಿದ ದಿನವೇ ಆಯುಧ ಹಿಡಿದು ಯೋಧರಾದವರನ್ನು ಜನ ‘ಹದಿನಾರನೇ ಡಿವಿಜನ್’ ಎಂದು ಕರೆದರು. ಡಿಸೆಂಬರ್ 18ರಂದು ಪಲ್ಟನ್ ಮೈದಾನದಲ್ಲಿ, ವಿದೇಶಿ ಛಾಯಾಗ್ರಾಹಕರ ಎದುರೇ, ಕೈ ಕಟ್ಟಿದ್ದ ಸೆರೆಯಾಳುಗಳನ್ನು ಬಯೋನೆಟ್‌ನಿಂದ ಇರಿದು ಕೊಂದರು. ಹಿರಿಯ ಅಧಿಕಾರಿಗಳು ಆ ಹೊತ್ತಿಗೆ ಢಾಕಾಕ್ಕೆ ಬಂದಿದ್ದರು, ಸಚಿವಾಲಯ ತೆರೆಯುತ್ತಿತ್ತು, ಸಚಿವರು ಮಾತ್ರ ಇರಲಿಲ್ಲ. ಮಾವಿನ ತೋಪಿಗೆ ಜೀವದ ಹಂಗು ತೊರೆದು ಬಂದವರು, ಗೆದ್ದ ರಾಜಧಾನಿಗೆ ಮೊದಲ ವಿಮಾನದಲ್ಲೇ ಬರಬೇಕಿತ್ತು. ಬಂದ ಮೇಲೆ ತಾಜುದ್ದೀನ್ ಮುಕ್ತಿಯೋಧರೆಲ್ಲರನ್ನೂ ಒಂದು ರಾಷ್ಟ್ರೀಯ ಮಿಲಿಷಿಯಾಕ್ಕೆ ಸೇರಿಸಿಕೊಂಡು ಆಯುಧಗಳನ್ನು ಒಂದು ಲೆಕ್ಕದೊಳಗೆ ತರುವ ಯೋಜನೆ ಮುಂದಿಟ್ಟರು. ಆದರೆ ಹಲವರು ತಮ್ಮ ಬಂದೂಕನ್ನು ಮುಜೀಬರ ಕೈಗೇ ಕೊಡುತ್ತೇವೆ ಎಂದು ಕಾದರು. ಇಲ್ಲದ ರಾಷ್ಟ್ರಪತಿಯ ಹೆಸರು ಒಂಬತ್ತು ತಿಂಗಳು ಸರ್ಕಾರವನ್ನು ಹೊತ್ತಿತ್ತು. ಅದೇ ಹೆಸರು ಈಗ ಆ ಸರ್ಕಾರದ ಆಜ್ಞೆಗೆ ಅಡ್ಡ ನಿಂತಿತು.

ಮುಜೀಬ್ ಲಂಡನ್, ದೆಹಲಿ ಮಾರ್ಗವಾಗಿ 1972ರ ಜನವರಿ 10ರಂದು ಢಾಕಾಕ್ಕೆ ಬಂದಿಳಿದರು. ಮರುದಿನ ರಾಷ್ಟ್ರಪತಿಯಾಗಿ ಒಂದು ಆದೇಶಕ್ಕೆ ಸಹಿ ಹಾಕಿದರು. ಅದು ತಾತ್ಕಾಲಿಕ ಸಂವಿಧಾನದ ಆದೇಶ: ಇನ್ನು ಮುಂದೆ ಸಂಸದೀಯ ಪದ್ಧತಿ, ಅಧಿಕಾರ ಪ್ರಧಾನಿಯ ನೇತೃತ್ವದ ಸಂಪುಟಕ್ಕೆ. ಯಾವ ಅಧಿಕಾರದಿಂದ ಹೊರಡಿಸುತ್ತಿದ್ದೇನೆ ಎಂಬುದಕ್ಕೆ ಆ ಆದೇಶ ಆಧಾರ ಕೊಟ್ಟದ್ದು 1971ರ ಏಪ್ರಿಲ್ 10ರ ಘೋಷಣಾಪತ್ರವನ್ನು. 12ರಂದು ಅಬು ಸಯೀದ್ ಚೌಧುರಿ ರಾಷ್ಟ್ರಪತಿಯಾದರು, ಮುಜೀಬ್ ಪ್ರಧಾನಿಯಾದರು. ತಾಜುದ್ದೀನ್ ಆ ಪದವಿ ಬಿಟ್ಟುಕೊಟ್ಟು ಹಣಕಾಸು ಖಾತೆಯ ಕಡತಗಳನ್ನು ತೆರೆದು ಕುಳಿತರು.